ಕನ್ನಡ ನಾಡಿನ ಔಷಧದಾನ: ಗಾಣ, ಹೇರು, ಕಾಯಕ

ಕನ್ನಡ ನಾಡಿನ ದಾನಶಾಸನಗಳನ್ನು ಓದತೊಡಗಿದವರಿಗೆ ಮೊದಲು ಎದುರಾಗುವುದು ಅರಸನ ಪ್ರಶಸ್ತಿ. ಅನಂತರ ಮಂಡಲೇಶ್ವರನ ಅಥವಾ ದಂಡನಾಯಕನ ವರ್ಣನೆ. ಅದಾದಮೇಲೆ ದಾನವನ್ನು ಕೈಕೊಂಡ ಆಚಾರ್ಯನ ಗುರುಪರಂಪರೆ. ಆಮೇಲೆ ಭೂಮಿಯ ಎಲ್ಲೆ, ಅಳತೆ, ಸಾಕ್ಷಿ. ಇವೆಲ್ಲ ಮುಗಿದು ಶಾಪಾಶಯದ ಶ್ಲೋಕಗಳು ತೊಡಗುವುದಕ್ಕೆ ಸ್ವಲ್ಪ ಮುಂಚೆ, ಅನೇಕವೇಳೆ ಕಲ್ಲು ಸವೆದು ಅಕ್ಷರಗಳು ಮಸುಳಿಹೋಗಿರುವ ಎಡೆಯಲ್ಲಿ, ಗಾಣಕ್ಕೆ ಇಷ್ಟು ಸೊಲಿಗೆ ಎಣ್ಣೆ, ಅಡಕೆಯ ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಮಗ್ಗಕ್ಕೆ ಇಷ್ಟು ಎಂಬ ನಾಲ್ಕಾರು ಪಂಕ್ತಿಗಳಿರುವುದುಂಟು. ರಾಜವಂಶಗಳ ಕಾಲನಿರ್ಣಯವೇ ಮುಖ್ಯವೆಂದು ಭಾವಿಸಿದ ಸಂಶೋಧಕರು ಈ ಪಂಕ್ತಿಗಳನ್ನು ಬೇಗನೆ ದಾಟಿಹೋದರು. ಅದು ಆ ಕಾಲದ ಅಗತ್ಯವಾಗಿದ್ದಿತು, ತಪ್ಪೆನ್ನಲಾಗದು. ಆದರೆ ಅನಾಥರಾದ ರೋಗಿಗಳಿಗೆ ಈ ನಾಡಿನಲ್ಲಿ ಆಸರೆಯು ಹೇಗೆ ದೊರೆಯುತ್ತಿದ್ದಿತು, ಅದರ ನಿತ್ಯದ ವೆಚ್ಚವನ್ನು ಯಾರು ಹೊರುತ್ತಿದ್ದರು ಎಂಬ ಪ್ರಶ್ನೆಯನ್ನು ಕೇಳಿಕೊಂಡಾಗ, ಉತ್ತರವು ಪ್ರಶಸ್ತಿಯ ಭಾಗದಲ್ಲಿ ದೊರೆಯದೆ ಈ ಕಡೆಯ ಪಂಕ್ತಿಗಳ ಕಡೆಗೇ ಬೆರಳುತೋರಿಸುತ್ತದೆ.

ರೋಗಿಗಳ ಶುಶ್ರೂಷೆಯನ್ನು ರಾಜಧರ್ಮವೆಂದು ಎಣಿಸುವುದು ಭಾರತದಲ್ಲಿ ಬಹಳ ಹಳೆಯದು. ಮನುಷ್ಯರಿಗೂ ಪಶುಗಳಿಗೂ ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿ, ಮೂಲಿಕೆಗಳಿಲ್ಲದ ಕಡೆಗೆ ತರಿಸಿ ನೆಡಿಸಿದುದನ್ನು ಅಶೋಕನು ತನ್ನ ಎರಡನೆಯ ಬಂಡೆಗಲ್ಲಿನ ಶಾಸನದಲ್ಲಿ ಹೇಳಿಕೊಂಡಿರುವನು. ಕರ್ನಾಟಕದ ಗಡಿಗೆ ದೂರವಲ್ಲದ ಎರ್ರಗುಡಿಯಲ್ಲಿ ಈ ಶಾಸನದ ಪ್ರತಿಯಿದೆ. ಆದರೆ ಸುಮಾರು ಆರೂವರೆ ಶತಮಾನಗಳ ತರುವಾಯ, ಕ್ರಿ. ಶ. ಐದನೆಯ ಶತಮಾನದ ಮೊದಲಲ್ಲಿ, ಪಾಟಲೀಪುತ್ರಕ್ಕೆ ಬಂದ ಚೀನದೇಶದ ಯಾತ್ರಿಕ ಫಾಹಿಯಾನನು ಅಲ್ಲಿ ಕಂಡ ಔಷಧಶಾಲೆಗಳನ್ನು ಸ್ಥಾಪಿಸಿದವರು ವೈಶ್ಯಕುಲಗಳ ಮುಖಂಡರೆಂದು ಬರೆದಿಟ್ಟಿದ್ದಾನೆ. ಬಡವರು, ಅಂಗಹೀನರು, ರೋಗಿಗಳು ಅಲ್ಲಿಗೆ ಹೋಗಿ ಅನ್ನವನ್ನೂ ಮದ್ದನ್ನೂ ಪಡೆದು ಗುಣವಾದಮೇಲೆ ತಾವಾಗಿ ಹಿಂದಿರುಗುತ್ತಿದ್ದರಂತೆ. ಅಂತೂ ಅರಸನ ಆಜ್ಞೆಯೊಂದು ದಾರಿ, ವರ್ತಕರ ವಂತಿಗೆಯೊಂದು ದಾರಿ, ಈ ಎರಡೂ ಬಹಳ ಹಿಂದಿನಿಂದಲೇ ಜತೆಜತೆಯಾಗಿ ನಡೆದುಬಂದಿವೆ.

ಕನ್ನಡ ನಾಡಿನಲ್ಲಿ ಔಷಧದಾನಕ್ಕೆ ಧರ್ಮಶಾಸ್ತ್ರದ ಗೌರವವನ್ನು ತಂದುಕೊಟ್ಟವರಲ್ಲಿ ಜೈನರು ಮೊದಲಿಗರು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧದಾನವು ಶ್ರಾವಕನ ಕರ್ತವ್ಯವೆಂಬುದು ಅವರ ಮತ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ನಾಲ್ಕರ ಹೆಸರುಗಳು ತುಸು ಬೇರೆ: ಆಹಾರ, ಔಷಧ, ಉಪಕರಣ, ಆವಾಸ ಎಂದಿದೆ. ಹೆಸರುಗಳು ಬದಲಾದರೂ ಔಷಧವು ಎರಡು ಪಟ್ಟಿಗಳಲ್ಲಿಯೂ ಉಳಿದಿರುವುದು ಗಮನಾರ್ಹ. ಒಂದೊಂದು ದಾನಕ್ಕೆ ಒಬ್ಬೊಬ್ಬರನ್ನು ಅಲ್ಲಿ ದೃಷ್ಟಾಂತವಾಗಿ ಹೆಸರಿಸಿದೆ. ಔಷಧದಾನಕ್ಕೆ ದೃಷ್ಟಾಂತಳಾದವಳು ವೃಷಭಸೇನೆಯೆಂಬ ಹೆಣ್ಣುಮಗಳು. ಹಿಂದಿನ ಜನ್ಮದಲ್ಲಿ ಮುನಿಯೊಬ್ಬನಿಗೆ ಔಷಧೋಪಚಾರ ಮಾಡಿದ ಪುಣ್ಯದಿಂದ ಅವಳ ಸ್ನಾನದ ನೀರಿಗೇ ರೋಗಹರಣದ ಶಕ್ತಿ ಬಂದಿತೆಂದು ಕಥೆ. ಇಂಥ ದೃಷ್ಟಾಂತಕ್ಕೆ ಚಕ್ರವರ್ತಿಯೊಬ್ಬನನ್ನು ಆರಿಸಿಕೊಳ್ಳದೆ, ಮನೆಯಲ್ಲಿ ಕೈಯಾರೆ ಶುಶ್ರೂಷೆಮಾಡಿದವಳನ್ನು ಆರಿಸಿಕೊಂಡುದರಲ್ಲಿ ಔಚಿತ್ಯವಿದೆ.

ಗಂಗರ, ಚಾಲುಕ್ಯರ, ಹೊಯ್ಸಳರ ಕಾಲದ ಜೈನಶಾಸನಗಳಲ್ಲಿ ಈ ಚತುರ್ವಿಧದಾನವು ದಾನಿಗಳಿಗೆ ಬಿರುದಾಗಿ ಪದೇ ಪದೇ ಬರುತ್ತದೆ. ದಂಡನಾಯಕರಿಗೂ ಸೆಟ್ಟಿಗಳಿಗೂ ಅವರ ಮಡದಿಯರಿಗೂ ಈ ಬಿರುದು ಸಲ್ಲುತ್ತದೆ. ಇಲ್ಲಿ ಎಚ್ಚರಿಕೆ ಬೇಕು. ಭೈಷಜ್ಯದಾನದಲ್ಲಿ ವಿನೋದಪಡುವವನೆಂದು ಒಬ್ಬನನ್ನು ಹೊಗಳಿದ ಮಾತ್ರಕ್ಕೆ ಅವನು ಆಸ್ಪತ್ರೆಯನ್ನು ಕಟ್ಟಿಸಿದನೆಂದು ಹೇಳಲಾಗದು. ಬಿರುದುಗಳ ಒಕ್ಕಣೆಯು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹರಿದುಹೋಗುವ ರೂಢಿಯ ಮಾತು. ಶಾಸ್ತ್ರದಾನದ ಸಂಗತಿಯನ್ನು ಇದರೊಡನೆ ಹೋಲಿಸಿದರೆ ತೊಡಕು ಸ್ಪಷ್ಟವಾಗುವುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಅಲ್ಲಿ ಸಂಖ್ಯೆಯಿದೆ, ಗ್ರಂಥದ ಹೆಸರಿದೆ. ಔಷಧದಾನಕ್ಕೆ ಸಾಮಾನ್ಯವಾಗಿ ಇಂಥ ಲೆಕ್ಕ ದೊರೆಯುವುದಿಲ್ಲ. ಓಲೆಯ ಪ್ರತಿಯು ಉಳಿಯುತ್ತದೆ, ಬಸದಿಯು ಉಳಿಯುತ್ತದೆ. ಕುಡಿದ ಕಷಾಯವೂ ಹಚ್ಚಿದ ತೈಲವೂ ಉಳಿಯುವುದಿಲ್ಲ. ದಾನಗಳೊಳಗೆ ಇತಿಹಾಸಕಾರನಿಗೆ ಅತ್ಯಂತ ಕಡಿಮೆ ಗುರುತನ್ನು ಬಿಟ್ಟುಹೋಗುವ ದಾನ ಇದೇ.

ಹಾಗೆಂದು ಬಿರುದನ್ನು ಬರಿಯ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ವೈದ್ಯವನ್ನು ಜನರ ನುಡಿಯಲ್ಲಿ ಬರೆದಿಡಬೇಕೆಂಬ ಪ್ರಯತ್ನವು ಅದೇ ಶತಮಾನಗಳಲ್ಲಿ ಕಾಣಿಸಿಕೊಂಡಿತು. ಕ್ರಿ. ಶ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಮಳೆ, ವಾಸ್ತು, ಬಾವಿ, ಅಡುಗೆಗಳ ಜತೆಗೆ ವೈದ್ಯವೂ ಸೇರಿದೆ. ಕೀರ್ತಿವರ್ಮನ ಗೋವೈದ್ಯವು 12ನೆಯ ಶತಮಾನದ ಮೊದಲ ಭಾಗದ್ದು. ಪೂಜ್ಯಪಾದರ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು ಕನ್ನಡಿಸಿದುದು ಅದೇ ಶತಮಾನದ ನಡುವಿನಲ್ಲಿ. ವಿಷವೈದ್ಯವನ್ನು ಕುರಿತ ಮಂಗರಾಜನ ಖಗೇಂದ್ರಮಣಿದರ್ಪಣವು 14ನೆಯ ಶತಮಾನದ್ದು. ಸೋಮನಾಥನ ಚಿಕಿತ್ಸೆಯಲ್ಲಿ ಮದ್ಯ ಮಾಂಸಗಳಿಗೆ ಎಡೆಯಿಲ್ಲ. ಇದು ಮತಾಚಾರದ ಫಲವೆಂಬುದು ನಿಜ. ಆದರೆ ಇಂಥ ಮದ್ದುಗಳಿಗೆ ಬೇಕಾದ ಸಾಮಗ್ರಿಯು ಎಣ್ಣೆ, ತುಪ್ಪ, ಬೇರು, ತೊಗಟೆ, ಕಾಯಿಗಳಾಗುವುದರಿಂದ, ಅವು ಮಠದ ಉಗ್ರಾಣದಲ್ಲಿಯೇ ದೊರೆಯುವಂಥವು ಎಂಬುದನ್ನೂ ಮರೆಯಬಾರದು.

ಮಠದ ಮಾತು ಬಂದಾಗ ಬಳ್ಳಿಗಾವೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದ ಈ ಊರಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಶೈವಾಚಾರ್ಯರ ಸ್ಥಾನ. ತಾವರೆಕೆರೆಯ ಕೋಡಿಯ ಬಳಿಯಲ್ಲಿದ್ದುದರಿಂದ ಅದಕ್ಕೆ ಆ ಹೆಸರು. ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಶಿಕಾರಿಪುರ 102ನೆಯದಾಗಿ ಅಚ್ಚಾಗಿರುವ, ಕಳಚುರಿ ಬಿಜ್ಜಳನ ಕಾಲದ ಕ್ರಿ. ಶ. 1162ರ ಶಾಸನವು ಈ ಮಠವು ಏನೇನಕ್ಕೆ ಸ್ಥಾನವಾಗಿದ್ದಿತೆಂಬುದನ್ನು ಒಂದರಮೇಲೊಂದಾಗಿ ಹೇಳುತ್ತ ಹೋಗುತ್ತದೆ. ನಾಲ್ಕು ವೇದಗಳ ಅಂಗಸಹಿತವಾದ ಅಧ್ಯಯನ, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳ ವ್ಯಾಖ್ಯಾನ, ಬೌದ್ಧವೂ ಸೇರಿದಂತೆ ದರ್ಶನಗಳು, ಲಾಕುಲಸಿದ್ಧಾಂತ, ಪಾತಂಜಲಯೋಗ, ಹದಿನೆಂಟು ಪುರಾಣಗಳು, ಕಾವ್ಯನಾಟಕಗಳು ಇವೆಲ್ಲ ಮೊದಲು ಬರುತ್ತವೆ. ಸಾಹಿತ್ಯವನ್ನು ಬೋಧಿಸುವವರು ಈ ಭಾಗವನ್ನು ಆಗಾಗ್ಗೆ ಸ್ಮರಿಸಿಕೊಳ್ಳುವುದು ಸಹಜವೇ. ಆದರೆ ಪಟ್ಟಿಯು ಅಲ್ಲಿಗೆ ಮುಗಿಯುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆಗಾರರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ, ಕ್ಷಪಣಕರೂ ಏಕದಂಡಿ ತ್ರಿದಂಡಿಗಳೂ ಸೇರಿದಂತೆ ನಾನಾ ಮತಗಳ ಸಂನ್ಯಾಸಿಗಳಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ಅನ್ನದಾನದ ಸ್ಥಾನವದು. ಅದರ ಬೆನ್ನಿಗೇ, ಅನಾಥರಾದ ರೋಗಿಗಳ ಚಿಕಿತ್ಸೆಗೆ ಸ್ಥಾನ. ಕಡೆಗೆ, ಸಕಲ ಜೀವಿಗಳ ಅಭಯಕ್ಕೆ ಸ್ಥಾನ.

ಇಲ್ಲಿ ಎರಡು ವಿಷಯಗಳು ವಿಚಾರಣೀಯ. ಅನ್ನ, ಔಷಧ, ಶಾಸ್ತ್ರ, ಅಭಯ ಎಂಬ ಜೈನರ ನಾಲ್ಕು ದಾನಗಳೂ ಶೈವಮಠದ ಈ ವರ್ಣನೆಯಲ್ಲಿ ಒಂದೂ ಬಿಡದೆ ಬಂದಿವೆ. ಮತಗಳು ತರ್ಕದಲ್ಲಿ ಪರಸ್ಪರ ಖಂಡಿಸಿಕೊಳ್ಳುತ್ತಿದ್ದ ಕಾಲದಲ್ಲಿಯೇ ಧರ್ಮದ ಆಚರಣೆಯಲ್ಲಿ ಒಂದರ ಮೇಲ್ಪಂಕ್ತಿಯನ್ನು ಇನ್ನೊಂದು ಅನುಸರಿಸುತ್ತಿದ್ದಿತೆಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷ್ಯ ಬೇಕಿಲ್ಲ. ಎರಡನೆಯದು, ಚಿಕಿತ್ಸೆಯನ್ನು ಬೇರೆಯಾದ ಒಂದು ಸಂಸ್ಥೆಯೆಂದು ಶಾಸನವು ಹೇಳುವುದಿಲ್ಲ. ಅದು ಅನ್ನಸತ್ರದ ಪಕ್ಕದಲ್ಲಿದೆ; ಬಹುಶಃ ಅನ್ನಸತ್ರದ ಒಲೆಯಲ್ಲಿಯೇ ಕಷಾಯವೂ ಕುದಿಯುತ್ತಿದ್ದಿರಬೇಕು. ಹಾಸಿಗೆಗಳೆಷ್ಟು, ವೈದ್ಯರೆಷ್ಟು, ಅವರ ಜೀವಿತವೆಷ್ಟು ಎಂಬ ವಿವರ ಅಲ್ಲಿಲ್ಲ. ಕೋಡಿಯಮಠವನ್ನು ಇಂದಿನ ಅರ್ಥದಲ್ಲಿ ಆಸ್ಪತ್ರೆಯೆಂದು ಕರೆಯುವ ಉತ್ಸಾಹಕ್ಕೆ ಈ ಮೌನವೇ ಕಡಿವಾಣ.

ಅಂಥ ವಿವರಗಳು ಹೇಗಿರಬಹುದೆಂಬುದನ್ನು ತಮಿಳುನಾಡಿನ ತಿರುಮುಕ್ಕೂಡಲಿನ ಶಾಸನವು ತೋರಿಸಿಕೊಡುತ್ತದೆ. ಚೋಳ ವೀರರಾಜೇಂದ್ರನ ಕಾಲದ, ಎಂದರೆ 11ನೆಯ ಶತಮಾನದ ಉತ್ತರಾರ್ಧದ ಈ ದೀರ್ಘಶಾಸನದಲ್ಲಿ ದೇವಾಲಯದ ವೇದಪಾಠಶಾಲೆ, ವಿದ್ಯಾರ್ಥಿನಿಲಯಗಳ ಜತೆಗೆ 15 ಹಾಸಿಗೆಗಳ ಆತುರಶಾಲೆಯ ಲೆಕ್ಕವಿದೆ. ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆಗಳನ್ನು ತಂದು ಸೌದೆಯೊದಗಿಸಿ ಮದ್ದು ಕಾಯಿಸುವ ಇಬ್ಬರು ಆಳುಗಳು, ರೋಗಿಗಳ ಶುಶ್ರೂಷೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ, ಇವರೊಬ್ಬೊಬ್ಬರ ಜೀವಿತವನ್ನೂ ಭತ್ತದ ಅಳತೆಯಲ್ಲಿ ಅಲ್ಲಿ ಗೊತ್ತುಮಾಡಿದೆ. ವೈದ್ಯನಿಗೆ ವರ್ಷಕ್ಕೆ 90 ಕಲಂ ಭತ್ತ ಮತ್ತು 8 ಕಾಸು. ಶೇಖರಿಸಿಡಬೇಕಾದ ಸುಮಾರು ಇಪ್ಪತ್ತು ಮದ್ದುಗಳ ಹೆಸರುಗಳಲ್ಲಿ ಹರೀತಕಿಯ ಲೇಹ್ಯಗಳಿವೆ, ತೈಲಗಳಿವೆ, ಬಿಲ್ವಾದಿಘೃತದಂಥ ತುಪ್ಪಗಳಿವೆ, ಹಳೆಯ ತುಪ್ಪವೂ ಇದೆ. ರಾತ್ರಿ ಉರಿಯಬೇಕಾದ ದೀಪದ ಎಣ್ಣೆಯನ್ನು ಸಹ ಬಿಟ್ಟಿಲ್ಲ. ಆತುರಶಾಲೆಯೆಂಬುದು ಕಟ್ಟಡವಲ್ಲ, ಎಣ್ಣೆ ತುಪ್ಪ ಅಕ್ಕಿಗಳ ಎಡೆಬಿಡದ ಒದಗಿಕೆಯೆಂಬುದು ಈ ಪಟ್ಟಿಯನ್ನು ಓದಿದವರಿಗೆ ಮನವರಿಕೆಯಾಗದಿರದು.

ಇನ್ನು ಕನ್ನಡದ ಕಲ್ಲುಗಳ ಕಡೆಯ ಪಂಕ್ತಿಗಳಿಗೆ ಹಿಂದಿರುಗಬಹುದು. ಎಣ್ಣೆಯನ್ನು ಕೊಡುತ್ತಿದ್ದವರು ತೆಲ್ಲಿಗರು. ಶಾಸನಗಳಲ್ಲಿ ಅವರು ತೆಲ್ಲಿಗರೈವತ್ತೊಕ್ಕಲೆಂದು ಸಂಘವಾಗಿ ಕಾಣಿಸಿಕೊಳ್ಳುತ್ತಾರೆ. ಎತ್ತುಗಾಣಕ್ಕೆ ಇಷ್ಟು, ಕೈಗಾಣಕ್ಕೆ ಇಷ್ಟು ಎಂದು ಅವರು ತಾವೇ ಕೂಡಿ ನಿರ್ಣಯಿಸಿಕೊಂಡು ಬಿಟ್ಟ ದತ್ತಿಗಳು ಹೇರಳವಾಗಿವೆ. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ಮುಮ್ಮುರಿದಂಡದವರು, ಊರ ನಕರಗಳು ತಮ್ಮ ತಮ್ಮ ಸರಕಿನ ಮೇಲೆ ಆಯವನ್ನು ಬಿಟ್ಟಿರುವರು: ಮೆಣಸು, ಅಡಕೆ, ಎಲೆ, ಉಪ್ಪು, ದವಸ, ನೂಲು. ಸೊಲಿಗೆ, ಮಾನ, ಬಳ್ಳ, ಕೊಳಗ. ವೀಸ, ಹಾಗ, ಪಣ. ಈ ಅಳತೆಗಳೂ ನಾಣ್ಯಗಳೂ ಬಲು ಸಣ್ಣವು. ಒಬ್ಬನಿಗೆ ಕೊಟ್ಟುದು ತಿಳಿಯದಷ್ಟು ಕಡಿಮೆ. ಐವತ್ತು ಗಾಣಗಳು ತಿರುಗುವ ಪೇಟೆಯಲ್ಲಿ ದೇವಾಲಯದ ಕೊಪ್ಪರಿಗೆ ತುಂಬುವಷ್ಟು ಹೆಚ್ಚು.

ಈ ದತ್ತಿಗಳ ಉದ್ದೇಶವೆಂದು ಹೇಳಿರುವುದು ಬಹುಮಟ್ಟಿಗೆ ನಂದಾದೀವಿಗೆ, ನೈವೇದ್ಯ, ಖಂಡಸ್ಫುಟಿತ ಜೀರ್ಣೋದ್ಧಾರ, ತಪಸ್ವಿಗಳ ಆಹಾರದಾನ. ಔಷಧಕ್ಕೆಂದೇ ಗಾಣದೆಣ್ಣೆಯನ್ನು ಬಿಟ್ಟರೆಂದು ಸಾಮಾನ್ಯವಾಗಿ ಹೇಳುವಂತಿಲ್ಲ. ಆದರೂ ಬಳ್ಳಿಗಾವೆಯಂಥ ಸ್ಥಾನದಲ್ಲಿ ದೇವರ ಎಣ್ಣೆ, ಸತ್ರದ ಎಣ್ಣೆ, ರೋಗಿಯ ಎಣ್ಣೆ ಎಂದು ಮೂರು ಕೊಪ್ಪರಿಗೆಗಳಿದ್ದವೆಂದು ಊಹಿಸುವುದಕ್ಕಿಂತ, ಒಂದೇ ಉಗ್ರಾಣದಿಂದ ಮೂರಕ್ಕೂ ಹೋಗುತ್ತಿದ್ದಿತೆಂದು ಊಹಿಸುವುದು ಹೆಚ್ಚು ಸಮಂಜಸ. ಭೂಮಿಯ ದತ್ತಿಯಿಂದ ಭತ್ತವು ವರ್ಷಕ್ಕೊಮ್ಮೆ ಅಥವಾ ಎರಡು ಸಲ ಬರುವುದು. ರೋಗವು ಸುಗ್ಗಿಯನ್ನು ಕಾದು ಬರುವುದಿಲ್ಲ. ದಿನದಿನವೂ ಬರುವ ಆಯವು ಗಾಣದ್ದು, ಸುಂಕದ ಕಟ್ಟೆಯದು, ಸಂತೆಯದು. ಹೀಗೆ ನೋಡಿದರೆ ಸ್ಥಾನವನ್ನು ಕಟ್ಟಿದ ಕೀರ್ತಿಯು ಅರಸನಿಗೂ ಆಚಾರ್ಯನಿಗೂ ಸಲ್ಲತಕ್ಕದ್ದಾದರೆ, ಅದನ್ನು ನಡೆಯಿಸಿದ ಭಾರದಲ್ಲಿ ಹೆಸರಿಲ್ಲದ ಗಾಣಿಗನಿಗೂ ಪಾಲಿದ್ದಿತೆಂದು ಒಪ್ಪಬೇಕಾಗುವುದು.

ಕ್ರಿ. ಶ. 1162 ಎಂಬ ವರ್ಷಕ್ಕೆ ಇನ್ನೊಂದು ಮಹತ್ವವಿದೆ. ಬಿಜ್ಜಳನು ಬಳ್ಳಿಗಾವೆಯ ಮಠಕ್ಕೆ ದತ್ತಿಯನ್ನು ಬಿಡುತ್ತಿದ್ದ ಆ ದಶಕದಲ್ಲಿಯೇ ಅವನ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರು ದಾನದ ಅರ್ಥವನ್ನೇ ಬೇರೆಯ ರೀತಿಯಲ್ಲಿ ವಿಚಾರಿಸತೊಡಗಿದ್ದರು. ಅವರಲ್ಲಿ ಗಾಣದ ಕಣ್ಣಪ್ಪನಿದ್ದನು, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನಿದ್ದನು, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು, ವೈದ್ಯ ಸಂಗಣ್ಣನೂ ಇದ್ದನು. ಹುಲ್ಲನ್ನು ತಂದು ಹೊಸೆದು ಮಾರಿ ಬಂದುದರಿಂದ ಚಂದಯ್ಯನು ದಾಸೋಹವನ್ನು ನಡಸುತ್ತಿದ್ದನೆಂದೂ, ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳೆಂದೂ ಕಥೆಗಳಿವೆ. ಇವು ಶೂನ್ಯಸಂಪಾದನೆಯಂಥ ಈಚಿನ ಸಂಕಲನಗಳಲ್ಲಿ ಬೆಳೆದು ಬಂದಿರುವುವಾದ್ದರಿಂದ ಚರಿತ್ರೆಯ ದಾಖಲೆಗಳೆಂದು ಅಕ್ಷರಶಃ ನಂಬಲಾಗದು. ಆದರೆ ಅವು ಹೊತ್ತು ತಂದ ವಿಚಾರವು ಖಚಿತವಾಗಿದೆ: ಕೈಯ ಕೆಲಸದಿಂದ ಬಂದುದನ್ನು ಅಂದಂದಿಗೆ ಹಂಚಬೇಕು, ಹೆಚ್ಚಾಗಿ ಕೂಡಿಟ್ಟು ಹೆಚ್ಚಾಗಿ ಕೊಡುವುದು ದಾನಿಯ ದೊಡ್ಡಸ್ತಿಕೆ, ದಾಸೋಹವಲ್ಲ.

ಗಾಣಕ್ಕೆ ಸೊಲಿಗೆಯೆಣ್ಣೆ ಬಿಟ್ಟ ತೆಲ್ಲಿಗರ ದತ್ತಿಗೂ ಗಾಣದ ಕಣ್ಣಪ್ಪನ ದಾಸೋಹಕ್ಕೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಎರಡೂ ಕಸುಬಿನಿಂದ ಬಂದ ಸಣ್ಣ ಕಾಣಿಕೆಗಳೇ. ಆದರೆ ಮೊದಲನೆಯದು ಸಂಘದ ಕಟ್ಟಳೆ, ಆಚಂದ್ರಾರ್ಕವಾಗಿ ನಡೆಯಬೇಕಾದುದು, ಕೊಡದವನಿಗೆ ಶಾಪವುಂಟು. ಎರಡನೆಯದು ಒಬ್ಬೊಬ್ಬನ ವ್ರತ, ಅದಕ್ಕೆ ಕಲ್ಲೂ ಇಲ್ಲ ಶಾಪವೂ ಇಲ್ಲ. ರೋಗಿಯ ದೃಷ್ಟಿಯಿಂದ ಯಾವುದು ಮೇಲು? ವೈದ್ಯ ಸಂಗಣ್ಣನು ತನ್ನ ವಚನಗಳಲ್ಲಿ ರೋಗ, ನಾಡಿ, ಔಷಧಗಳ ಪರಿಭಾಷೆಯನ್ನು ಅಧ್ಯಾತ್ಮಕ್ಕೆ ತಿರುಗಿಸಿಕೊಂಡಿದ್ದಾನೆಯೇ ಹೊರತು ಕಲ್ಯಾಣದ ರೋಗಿಗಳಿಗೆ ಮದ್ದು ಎಲ್ಲಿಂದ ಒದಗುತ್ತಿದ್ದಿತೆಂಬ ಲೆಕ್ಕವನ್ನು ಬಿಟ್ಟುಹೋಗಿಲ್ಲ. ಕಲ್ಯಾಣದ ಮಹಾಮನೆಯು ಬಿಜ್ಜಳನ ಕೊನೆಗಾಲದ ಕ್ಷೋಭೆಯಲ್ಲಿ ಚದುರಿಹೋಯಿತು. ಕಟ್ಟಳೆಯಿಲ್ಲದ ಔದಾರ್ಯಕ್ಕೆ ಆ ಅಪಾಯವು ಸದಾ ಇದ್ದೇ ಇದೆ.

ಕಟ್ಟಳೆಯುಳ್ಳ ದೊಡ್ಡ ದತ್ತಿಗಳೇನೂ ಸುರಕ್ಷಿತವಾಗಿ ಉಳಿದುವೆಂದಲ್ಲ. ಕಾಕತೀಯ ರುದ್ರಮದೇವಿಯ ಕಾಲದಲ್ಲಿ, 1261ರ ಮಲ್ಕಾಪುರದ ಶಾಸನದಂತೆ, ವಿಶ್ವೇಶ್ವರ ಶಂಭುವಿನ ಗೋಳಕೀಮಠದ ಜತೆಗೆ ಪ್ರಸೂತಿಶಾಲೆಯೂ ಆರೋಗ್ಯಶಾಲೆಯೂ ಏರ್ಪಟ್ಟಿದ್ದುವು. ಊರುಗಳ ಆದಾಯವನ್ನೇ ಬಿಟ್ಟಿದ್ದರು. ಇಂದು ಉಳಿದಿರುವುದು ಕಂಬ. ಶ್ರೀರಂಗದ ವೃತ್ತಾಂತವು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಹೊಯ್ಸಳ ರಾಮನಾಥನ ಆಳಿಕೆಯಲ್ಲಿ, 1257ರಲ್ಲಿ, ಅವನ ದಂಡನಾಯಕ ಸಿಂಗಣ್ಣನು ರಂಗನಾಥನ ದೇವಾಲಯದಲ್ಲಿ ಆರೋಗ್ಯಶಾಲೆಯನ್ನು ಏರ್ಪಡಿಸಿ, ಗರುಡವಾಹನ ಪಂಡಿತನೆಂಬ ವೈದ್ಯನ ವಶಕ್ಕೆ ಭೂಮಿಯೊಡನೆ ಕೊಟ್ಟನು. ಮುಂದಿನ ಶತಮಾನದ ದಂಡಯಾತ್ರೆಗಳಲ್ಲಿ ಅದು ಹಾಳಾಯಿತು. 1493ರಲ್ಲಿ ಅದೇ ಮನೆತನದ ಶ್ರೀನಿವಾಸ ಗರುಡವಾಹನ ಭಟ್ಟನು ಅದನ್ನು ಜೀರ್ಣೋದ್ಧಾರಮಾಡಿ ಧನ್ವಂತರಿಯನ್ನು ಪ್ರತಿಷ್ಠಿಸಿದನು. ನಡುವಣ ಕಾಲದಲ್ಲಿ ದತ್ತಿಯು ತಪ್ಪಿಹೋಗಿದ್ದರೂ ವಿದ್ಯೆಯು ಮನೆತನದಲ್ಲಿ ಉಳಿದುಬಂದಿತೆಂಬುದು ಇಲ್ಲಿನ ವಿಶೇಷ. ಧನ್ವಂತರಿಯ ಗುಡಿಯು ಇಂದಿಗೂ ಅಲ್ಲಿದೆ.

ಸರಕಿನ ಮೇಲಿನ ಸಣ್ಣ ಆಯವಾದರೋ ರಾಜವಂಶಗಳು ಅಳಿದಮೇಲೂ ರೂಪಾಂತರದಿಂದ ಬದುಕಿಕೊಂಡಿತು. ಅಡತಿಯ ಅಂಗಡಿಗಳಲ್ಲಿ ಮೂಟೆಗೆ ಇಷ್ಟು, ಅಂಡಿಗೆಗೆ ಇಷ್ಟು ಎಂದು ಬೆಲೆಯ ಜತೆಗೆ ಬೇರೆಯಾಗಿ ಹಿಡಿಯುತ್ತಿದ್ದ ಧರ್ಮಾದಾಯವು ಐನೂರ್ವರ ಹೇರಿನ ದತ್ತಿಯ ವಂಶಕ್ಕೇ ಸೇರಿದುದೆಂದು ಹೇಳಬಹುದು. ಗೋಶಾಲೆ, ಧರ್ಮಶಾಲೆ, ಪಾಠಶಾಲೆಗಳಂತೆ ಧರ್ಮಾರ್ಥ ದವಾಖಾನೆಗಳಿಗೂ ಈ ಹಣವು ಭಾರತದ ಅನೇಕ ಪೇಟೆಗಳಲ್ಲಿ ಸಂದುದುಂಟು. ಆದರೆ ಶಾಸನಗಳ ಕಾಲದಿಂದಲೂ ಇತ್ಯರ್ಥವಾಗದೆ ಉಳಿದ ಒಂದು ಸಂದೇಹವು ಇದರ ಜತೆಗೇ ಬಂದಿತು: ಕೊಟ್ಟವನು ಯಾರು? ಹೇರಿಗೆ ಇಷ್ಟೆಂದು ಬಿಟ್ಟ ವರ್ತಕನು ಅದನ್ನು ತನ್ನ ಲಾಭದಿಂದ ತೆತ್ತನೋ, ಕೊಂಡವನ ಮೇಲೆ ಹೊರಿಸಿದನೋ? ಕಲ್ಲಿನ ಮೇಲೆ ಹೆಸರು ವರ್ತಕಸಂಘದ್ದು. ಅಡಕೆಯನ್ನು ಕೊಂಡು ಒಂದು ವೀಸ ಹೆಚ್ಚಾಗಿ ಕೊಟ್ಟವನ ಹೆಸರು ಎಲ್ಲಿಯೂ ಇಲ್ಲ.

ಈ ಪ್ರಶ್ನೆಯು ಇಪ್ಪತ್ತನೆಯ ಶತಮಾನದಲ್ಲಿ ಆದಾಯತೆರಿಗೆಯ ವ್ಯಾಜ್ಯವಾಗಿ ನ್ಯಾಯಸ್ಥಾನಗಳ ಮುಂದೆ ಬಂದಿತು. ಬಿಜಲಿ ಕಾಟನ್ ಮಿಲ್ಸ್ ಎಂಬ ಗಿರಣಿಯು ತನ್ನ ಗಿರಾಕಿಗಳಿಂದ ಬಿಲ್ಲಿನಲ್ಲಿ ಧರ್ಮಾದಾ ಎಂದು ಬೇರೆಯಾಗಿ ಕಾಣಿಸಿ ಪಡೆದ ಹಣವು ಗಿರಣಿಯ ವರಮಾನವೇ ಅಲ್ಲವೇ ಎಂಬುದು ವಿವಾದದ ವಿಷಯ. ಭಾರತದ ಸರ್ವೋಚ್ಚ ನ್ಯಾಯಾಲಯವು, ಆ ಹಣವು ಮೊದಲಿನಿಂದಲೂ ಧರ್ಮಕಾರ್ಯಕ್ಕೆ ಕಟ್ಟುಬಿದ್ದುದೆಂದೂ, ವ್ಯಾಪಾರಿಯು ಅದನ್ನು ಪರರ ಪರವಾಗಿ ಇಟ್ಟುಕೊಂಡವನೇ ಹೊರತು ಅದು ಅವನ ಆದಾಯವಲ್ಲವೆಂದೂ ತೀರ್ಪಿತ್ತಿತು.